ಇನ್ನೂ ಬಾರದ ಪುಸ್ತಕದ ದಾರಿ ಕಾಯುತ್ತ

ಎಂಟು ತಿಂಗಳ ಹಿಂದೆ ಒಂದು ಸಂಜೆ, ಮುಂಬರುವ ಪುಸ್ತಕಗಳ ಪಟ್ಟಿಯ ಮೇಲೆ ಸುಮ್ಮನೆ ಕಣ್ಣಾಡಿಸುತ್ತಿದ್ದಾಗ, ಹದಿಹರೆಯದವರಿಗಾಗಿ ಬರೆದ ಒಂದು ಇಂಗ್ಲಿಷ್ ಕಾದಂಬರಿಯ ನಾಲ್ಕು ಸಾಲಿನ ಪರಿಚಯ ಎದುರಾಯಿತು. ಹದಿನಾರು ವರ್ಷದ ಹುಡುಗಿಯೊಬ್ಬಳ ಅಕ್ಕ ತೀರಿಕೊಂಡಿದ್ದಾಳೆ. ಇಬ್ಬರಿಗೂ ಎರಡು ವರ್ಷದ ಅಂತರ. ತಾನು ಅಕ್ಕನ ವಯಸ್ಸನ್ನು ದಾಟುವ ದಿನ ಯಾವುದೆಂದು ತಂಗಿ ಲೆಕ್ಕ ಹಾಕಿಟ್ಟುಕೊಂಡಿದ್ದಾಳೆ. ಆ ದಿನದವರೆಗೆ ನಡೆಯುವುದೇ ಕಥೆ. ಅಲ್ಲಿದ್ದದ್ದು ಇಷ್ಟೇ. ನಾನು ಅದನ್ನು ಎರಡನೆಯ ಸಲ ಓದಿದೆ, ಮೂರನೆಯ ಸಲ ಓದಿದೆ, ಆಮೇಲೆ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಮತ್ತೊಮ್ಮೆ ಓದಿದೆ. ಅಂಥದೊಂದು ಲೆಕ್ಕವನ್ನು ಲೋಕದಲ್ಲಿ ನನ್ನ ಹೊರತು ಇನ್ನೊಬ್ಬರು ಹಾಕಿರಬಹುದೆಂದು ಹದಿನೆಂಟು ವರ್ಷಗಳಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಕಾದಂಬರಿಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಇನ್ನೂ ಓದದ ಪುಸ್ತಕವನ್ನು ಓದಿ ಎಂದು ಇತರರಿಗೆ ಹೇಳುವ ಅಧಿಕಾರ ನನಗಿಲ್ಲ. ಅದು ಚೆನ್ನಾಗಿದೆಯೋ ಇಲ್ಲವೋ ಎಂಬುದೂ ನನಗೆ ತಿಳಿಯದು. ನಾನು ಬರೆಯಹೊರಟಿರುವುದು ಈ ಎಂಟು ತಿಂಗಳ ಕಾಯುವಿಕೆಯ ಬಗ್ಗೆ, ಪುಸ್ತಕ ಕೈಗೆ ಬರುವ ಮೊದಲೇ ಅದು ನನ್ನಿಂದ ಮಾಡಿಸಿದ ಕೆಲಸಗಳ ಬಗ್ಗೆ.

ನನ್ನ ಅಕ್ಕ ತೀರಿಕೊಂಡಾಗ ಅವಳಿಗೆ 19 ವರ್ಷ, 4 ತಿಂಗಳು, 11 ದಿನ. ಒಂಬತ್ತು ದಿನದ ಕಾಯಿಲೆ. ನಾನು ಅವಳಿಗಿಂತ ಮೂರು ವರ್ಷ ಎರಡು ತಿಂಗಳು ಚಿಕ್ಕವಳು. ಆ ದಿನಗಳಲ್ಲಿ ಮನೆಗೆ ಬಂದವರೆಲ್ಲ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿದರು: "ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೋಮ್ಮ, ಇನ್ನು ಅವರಿಗೆ ನೀನೇ ತಾನೇ." ನಂತರದ ತಿಂಗಳುಗಳಲ್ಲಿ ದಾರಿಯಲ್ಲಿ ಸಿಕ್ಕವರು ಕೇಳುತ್ತಿದ್ದುದು, "ಅಮ್ಮ ಹೇಗಿದ್ದಾರೆ?" ಅವರಲ್ಲಿ ಯಾರೂ ಕೆಟ್ಟವರಲ್ಲ, ಮಗಳನ್ನು ಕಳೆದುಕೊಂಡ ತಾಯಿಯ ಸಂಕಟ ಎಷ್ಟು ದೊಡ್ಡದೆಂದರೆ ಅದರ ಪಕ್ಕದಲ್ಲಿ ನಿಂತಿದ್ದ ಹದಿನಾರರ ಹುಡುಗಿ ಅವರ ಕಣ್ಣಿಗೆ ಬೀಳಲಿಲ್ಲ. ನನಗೂ ಹಾಗೆಯೇ ಅನ್ನಿಸಿತ್ತು. ಅಳುವುದಕ್ಕೆ ಮೊದಲ ಹಕ್ಕು ಅಮ್ಮನದು, ಆಮೇಲೆ ಅಪ್ಪನದು, ನನ್ನ ಸರದಿ ಬಂದಾಗ ನೋಡೋಣ ಎಂದುಕೊಂಡೆ. ಸರದಿ ಬರಲಿಲ್ಲ.

ಲೆಕ್ಕ ಹಾಕಿದ್ದು ಅದೇ ವರ್ಷದ ಒಂದು ರಾತ್ರಿ, ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ. ಆ ದಿನ ಬಂದದ್ದು ಮೂರು ವರ್ಷ ಎರಡು ತಿಂಗಳ ನಂತರ, ಒಂದು ಬುಧವಾರ. ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗವಿತ್ತು. ಬ್ಯುರೆಟ್ಟಿನಿಂದ ಪ್ರತ್ಯಾಮ್ಲವನ್ನು ಹನಿಹನಿಯಾಗಿ ಬಿಡುತ್ತ, ಕೆಳಗಿನ ಫ್ಲಾಸ್ಕಿನ ದ್ರಾವಣ ನಸುಗುಲಾಬಿಗೆ ತಿರುಗಿದ ಕ್ಷಣದಲ್ಲಿ ನಿಲ್ಲಿಸಬೇಕು. ನನಗೆ ಚೆನ್ನಾಗಿ ಬರುತ್ತಿದ್ದ ಪ್ರಯೋಗವದು. ಆ ದಿನ ಮಾತ್ರ ಪ್ರತಿ ಸಲವೂ ಒಂದು ಹನಿ ಹೆಚ್ಚಾಗಿ ಬಿದ್ದು ಬಣ್ಣ ಕಡುಗುಲಾಬಿಯಾಗುತ್ತಿತ್ತು. ನಾಲ್ಕು ಸಲ ಚೆಲ್ಲಿ, ಫ್ಲಾಸ್ಕು ತೊಳೆದು, ಮತ್ತೆ ಮೊದಲಿನಿಂದ ಶುರು ಮಾಡಿದೆ. ಇವತ್ತಿಗೆ ನನಗೆ 19 ವರ್ಷ, 4 ತಿಂಗಳು, 12 ದಿನ ಎಂದು ಪಕ್ಕದ ಗೆಳತಿಗೆ ಹೇಳಬೇಕೆಂದು ಬಾಯಿ ತೆರೆದೆ. ಅದರ ಅರ್ಥವನ್ನು ಅವಳಿಗೆ ತಿಳಿಸಲು ಇನ್ನೆಷ್ಟು ಮಾತಾಡಬೇಕಾದೀತು ಎಂದು ನೆನೆದು ಸುಮ್ಮನಾದೆ. ಅಕ್ಕನಿಗಿಂತ ದೊಡ್ಡವಳಾದ ನಾನು ಸಂಜೆ ಮನೆಗೆ ಬಂದೆ, ಊಟ ಮಾಡಿದೆ, ಮಲಗಿದೆ. ಯಾರಿಗೂ ಹೇಳಲಿಲ್ಲ.

ಆದ್ದರಿಂದ ಆ ನಾಲ್ಕು ಸಾಲಿನ ಪರಿಚಯ ನನಗೆ ಪುಸ್ತಕದ ಜಾಹೀರಾತಾಗಿ ಕಾಣಲಿಲ್ಲ. ನನ್ನ ನೋಟ್‌ಬುಕ್ಕಿನ ಕೊನೆಯ ಪುಟವನ್ನು ಯಾರೋ ತೆರೆದು ನೋಡಿದ್ದಾರೆ ಎನ್ನಿಸಿ ಮೈ ಜುಮ್ಮೆಂದಿತು. ಅದೇ ರಾತ್ರಿ ಪುಸ್ತಕವನ್ನು ಮುಂಗಡವಾಗಿ ಕಾದಿರಿಸಿದೆ.

ಮೊದಲ ತಿಂಗಳು ನಾನು ಮಾಡಿದ್ದು, ಶೋಕವನ್ನು ಕುರಿತು ಹದಿಹರೆಯದವರಿಗಾಗಿ ಈಗಾಗಲೇ ಬಂದಿರುವ ಪುಸ್ತಕಗಳ ಓದು. ಕೆಲವನ್ನು ಹಿಂದೆಯೇ ಓದಿದ್ದೆ, ಆದರೆ ಕದ್ದು ಓದಿದಂತೆ, ಆತುರದಲ್ಲಿ. ಈ ಬಾರಿ ನಿಧಾನವಾಗಿ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವುಗಳ ಹಿಂದಿನ ಸಂಗತಿಗಳು. ಕ್ಯಾಥರೀನ್ ಪ್ಯಾಟರ್ಸನ್ ಅವರ 'ಬ್ರಿಜ್ ಟು ಟೆರಬಿತಿಯಾ' ಬಂದದ್ದು 1977ರಲ್ಲಿ. ಅವರ ಎಂಟು ವರ್ಷದ ಮಗನ ಆಪ್ತ ಗೆಳತಿ 1974ರಲ್ಲಿ ಸಿಡಿಲು ಬಡಿದು ತೀರಿಕೊಂಡ ಮೇಲೆ, ಅದನ್ನು ಅರ್ಥ ಮಾಡಿಕೊಳ್ಳಲು ಮಗನಿಗೂ ತಮಗೂ ದಾರಿ ಬೇಕಾಗಿ ಅವರು ಬರೆದ ಪುಸ್ತಕವದು. 'ಎ ಮಾನ್‌ಸ್ಟರ್ ಕಾಲ್ಸ್' ಕಾದಂಬರಿಯ ಮೂಲ ಕಲ್ಪನೆ ಶಿವಾನ್ ಡೌಡ್ ಅವರದು; ಸ್ತನ ಕ್ಯಾನ್ಸರಿನಿಂದ ಅವರು 2007ರಲ್ಲಿ ತೀರಿಕೊಂಡರು, ಆ ಕಲ್ಪನೆಯನ್ನು ಎತ್ತಿಕೊಂಡು ಪ್ಯಾಟ್ರಿಕ್ ನೆಸ್ 2011ರಲ್ಲಿ ಕಾದಂಬರಿಯಾಗಿಸಿದರು. ತಾಯಿಯ ಕ್ಯಾನ್ಸರನ್ನು ಎದುರಿಸುವ ಹುಡುಗನ ಕಥೆಯನ್ನು ಕಲ್ಪಿಸಿಕೊಂಡಾಕೆಯೇ ಆ ಕಾಯಿಲೆಗೆ ಬಲಿಯಾಗಿ, ಕಥೆಯನ್ನು ಬೇರೊಬ್ಬರ ಕೈಗೆ ಬಿಟ್ಟುಹೋಗಬೇಕಾಯಿತು ಎಂಬುದನ್ನು ತಿಳಿದ ಮೇಲೆ ಆ ಪುಸ್ತಕದ ಪ್ರತಿ ಪುಟದ ತೂಕವೂ ನನಗೆ ಬದಲಾಯಿತು.

ಅಕ್ಕನ ಸಾವನ್ನೇ ಕುರಿತ ಕಾದಂಬರಿ ಇಲ್ಲವೆಂದಲ್ಲ. ಜ್ಯಾಂಡಿ ನೆಲ್ಸನ್ ಅವರ 'ದಿ ಸ್ಕೈ ಈಸ್ ಎವ್ರಿವೇರ್' 2010ರಲ್ಲಿ ಪ್ರಕಟವಾಯಿತು. ಅದರ ಹುಡುಗಿ ತನ್ನ ಅಕ್ಕನ ನೆನಪನ್ನು ಸಿಕ್ಕ ಸಿಕ್ಕ ಕಾಗದದ ಚೂರುಗಳ ಮೇಲೆ ಕವಿತೆಯಾಗಿ ಬರೆದು ಊರ ತುಂಬ ಬಿಟ್ಟುಬರುತ್ತಾಳೆ. ನನಗೆ ಅದು ಇಷ್ಟವಾದ ಪುಸ್ತಕ. ಆದರೂ ಅದನ್ನು ಓದುವಾಗ ಒಂದು ಸಣ್ಣ ಅಸೂಯೆ ನನ್ನಲ್ಲಿತ್ತು ಎಂದು ಒಪ್ಪಿಕೊಳ್ಳಬೇಕು: ಅವಳಲ್ಲಿ ಬಿಟ್ಟುಬರಲು ಮಾತುಗಳಿದ್ದವು, ನನ್ನಲ್ಲಿ ಇದ್ದದ್ದು ಒಂದು ಅಂಕಿ.

ಮೂರನೆಯ ತಿಂಗಳಲ್ಲಿ ಪ್ರಕಾಶಕರು ಮೊದಲ ಅಧ್ಯಾಯವನ್ನು ಓದಲು ಬಿಟ್ಟರು. ಅಧ್ಯಾಯದ ನೆತ್ತಿಯ ಮೇಲೆ ಒಂದು ಎಂಬ ಸಂಖ್ಯೆ ಇರಲಿಲ್ಲ, 731 ಎಂದಿತ್ತು. ಅಂದರೆ ಅಧ್ಯಾಯಗಳು ಇಳಿಯುತ್ತ ಹೋಗುತ್ತವೆ. ಆ ಅಧ್ಯಾಯದಲ್ಲಿ ಹೇಳಿಕೊಳ್ಳುವಂಥ ಘಟನೆಯೇನೂ ಇಲ್ಲ. ಅಕ್ಕನ ಫೋನು ಇನ್ನೂ ಚಾರ್ಜಿನಲ್ಲಿದೆ; ಬೆಳಿಗ್ಗೆ ಅದರ ಅಲಾರಂ ಹೊಡೆದುಕೊಳ್ಳುತ್ತದೆ; ಮನೆಯ ಮೂವರೂ ಎಚ್ಚರವಾಗಿದ್ದಾರೆ, ಮೂವರೂ ಬೇರೆ ಬೇರೆ ಕೋಣೆಯಲ್ಲಿ ಅದನ್ನು ಕೇಳುತ್ತ ಮಲಗಿದ್ದಾರೆ, ನಿಲ್ಲಿಸಲು ಯಾರೂ ಏಳುವುದಿಲ್ಲ. ಅದು ತಾನಾಗಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟು ಮತ್ತೆ ಹೊಡೆದುಕೊಳ್ಳುತ್ತದೆ. ಮೂರನೆಯ ಸಲ ಹುಡುಗಿ ಎದ್ದುಹೋಗಿ ಫೋನನ್ನು ಕೈಗೆತ್ತಿಕೊಂಡು ನಿಂತುಕೊಳ್ಳುತ್ತಾಳೆ, ಒತ್ತುವುದಿಲ್ಲ. ಲೇಖಕಿ ಅಲ್ಲಿ ದುಃಖ ಎಂಬ ಪದವನ್ನು ಒಂದು ಸಲವೂ ಬಳಸಿಲ್ಲ. ಆ ಸಂಯಮವನ್ನು ಕಂಡ ಮೇಲೆ ನನಗೆ ಇವರ ಮೇಲೆ ಭರವಸೆ ಹುಟ್ಟಿತು. ಹದಿಹರೆಯದವರ ಪುಸ್ತಕವೆಂದರೆ ಎಲ್ಲವನ್ನೂ ಬಿಡಿಸಿ ಹೇಳಬೇಕು, ಕೊನೆಗೊಂದು ಸಮಾಧಾನ ಕಟ್ಟಿಕೊಡಬೇಕು ಎಂದು ನಂಬಿರುವ ಬರಹಗಾರರನ್ನು ನಾನು ಸಾಕಷ್ಟು ಓದಿದ್ದೇನೆ. ಆ ವಯಸ್ಸಿನವರಿಗೆ ಸುಳ್ಳು ಸಮಾಧಾನದ ವಾಸನೆ ದೊಡ್ಡವರಿಗಿಂತ ಬೇಗ ಬಡಿಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಆ ಅಧ್ಯಾಯ ನನ್ನನ್ನು ಇನ್ನೊಂದು ಕಡೆಗೂ ತಳ್ಳಿತು. ಅಕ್ಕ ಹೋದ ವರ್ಷ ಆಪ್ತಸಮಾಲೋಚಕರೊಬ್ಬರು ನನಗೆ ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ಐದು ಮೆಟ್ಟಿಲುಗಳ ಚಿತ್ರ: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಈಗ ಯಾವ ಮೆಟ್ಟಿಲಲ್ಲಿದ್ದೀಯ ಎಂದು ಕೇಳಿದ್ದರು. ನನಗೆ ಸಿಟ್ಟು ಬಂದಿರಲಿಲ್ಲ, ಚೌಕಾಸಿ ಮಾಡಲು ಯಾರೂ ಇರಲಿಲ್ಲ. ನಾನು ಎಲ್ಲೋ ಮೆಟ್ಟಿಲು ತಪ್ಪಿದ್ದೇನೆ ಎಂದು ಹೆದರಿ ಮಧ್ಯದ ಯಾವುದೋ ಒಂದರ ಮೇಲೆ ಗುರುತು ಹಾಕಿ ಕೊಟ್ಟೆ. ವರ್ಷಗಟ್ಟಲೆ ನನ್ನ ಶೋಕವೇ ಸರಿಯಿಲ್ಲ ಎಂಬ ಅಳುಕು ಉಳಿಯಿತು. ಆ ಹಾಳೆಯ ಮೂಲವನ್ನು ಹುಡುಕಿ ಓದಿದ್ದು ಈ ಕಾಯುವ ತಿಂಗಳುಗಳಲ್ಲೇ. ಎಲಿಜಬೆತ್ ಕೂಬ್ಲರ್-ರಾಸ್ ಅವರು 1969ರ ತಮ್ಮ ಪುಸ್ತಕದಲ್ಲಿ ಆ ಐದು ಹಂತಗಳನ್ನು ಹೇಳಿದ್ದು ಗುಣವಾಗದ ಕಾಯಿಲೆಯಿಂದ ಸಾವಿನ ಅಂಚಿನಲ್ಲಿದ್ದ ರೋಗಿಗಳೊಂದಿಗೆ ಮಾತಾಡಿ, ಅವರ ಅನುಭವದ ಬಗ್ಗೆ. ಉಳಿದುಕೊಂಡವರು ಹತ್ತಬೇಕಾದ ಮೆಟ್ಟಿಲುಗಳಾಗಿ ಅದನ್ನು ಲೋಕ ಹಿಗ್ಗಿಸಿಕೊಂಡದ್ದು ಆಮೇಲೆ. ಇದನ್ನು ಯಾರಾದರೂ ನನಗೆ ಹದಿನಾರಕ್ಕೇ ಹೇಳಿದ್ದರೆ!

ನನ್ನ ಅನುಭವಕ್ಕೆ ಹತ್ತಿರವಾದ ಮಾತು ಸಿಕ್ಕಿದ್ದು ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ ಎಂಬ ಸಂಶೋಧಕರು 1999ರಲ್ಲಿ ಮುಂದಿಟ್ಟ ವಿವರಣೆಯಲ್ಲಿ. ಶೋಕದಲ್ಲಿರುವ ಮನುಷ್ಯ ಎರಡು ದಿಕ್ಕುಗಳ ನಡುವೆ ತೂಗಾಡುತ್ತಾನೆ. ಒಮ್ಮೆ ಕಳೆದುಕೊಂಡದ್ದರ ಕಡೆಗೆ, ಒಮ್ಮೆ ಮುಂದಿನ ಬದುಕನ್ನು ಕಟ್ಟಿಕೊಳ್ಳುವ ಕಡೆಗೆ. ಆ ತೂಗಾಟ ಶೋಕದ ಸಹಜ ಗತಿಯೇ ಹೊರತು ದೋಷವಲ್ಲ. ಅಕ್ಕ ಹೋದ ಐದನೆಯ ದಿನ ಗೆಳತಿಯ ಯಾವುದೋ ಮಾತಿಗೆ ನಾನು ಗಟ್ಟಿಯಾಗಿ ನಕ್ಕಿದ್ದೆ. ನಕ್ಕ ಸದ್ದು ಒಳಕೋಣೆಗೆ ಕೇಳಿಸಿತೇನೋ ಎಂದು ಬಾಯಿಗೆ ಕೈ ಅಡ್ಡ ಹಿಡಿದುಕೊಂಡದ್ದು ನನಗೆ ಇಂದಿಗೂ ನೆನಪಿದೆ. ಆ ನಗುವಿನ ಪಾಪಭಾರವನ್ನು ಹದಿನೆಂಟು ವರ್ಷ ಹೊತ್ತು, ಒಂದು ಸಂಶೋಧನಾ ಬರಹದ ಮುಂದೆ ಇಳಿಸಿದೆ. ತೀರಿಕೊಂಡವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಶೋಕದ ಗುರಿ ಎಂಬ ಹಳೆಯ ತಿಳಿವಳಿಕೆಯನ್ನು 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಅವರ ಸಂಗಡಿಗರು ಪ್ರಶ್ನಿಸಿದರು ಎಂಬುದನ್ನೂ ಆಗಲೇ ಓದಿದೆ. ನಂಟು ಮುಂದುವರಿಯುತ್ತದೆ, ರೂಪ ಬದಲಿಸಿಕೊಂಡು, ಎನ್ನುವುದು ಅವರ ವಾದ. ತೀರಿಕೊಂಡ ಅಕ್ಕನೊಂದಿಗೆ ವಯಸ್ಸಿನ ಲೆಕ್ಕ ಇಟ್ಟುಕೊಳ್ಳುವುದು ಹುಚ್ಚಲ್ಲ, ಅದೂ ಒಂದು ನಂಟೇ ಎಂದು ನಾನು ಅದನ್ನು ನನ್ನಷ್ಟಕ್ಕೆ ಅರ್ಥ ಮಾಡಿಕೊಂಡಿದ್ದೇನೆ.

ಐದನೆಯ ತಿಂಗಳಲ್ಲಿ ಪ್ರಕಟಣೆಯ ದಿನವನ್ನು ಮೂರು ವಾರ ಮುಂದೂಡಿದ್ದೇವೆ ಎಂಬ ಎರಡು ಸಾಲಿನ ಸಂದೇಶ ಬಂತು. ಪುಸ್ತಕಲೋಕದಲ್ಲಿ ಇದು ಮಾಮೂಲು ಎಂಬುದು ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಆ ದಿನ ನಾನು ಕೆಲಸದ ಮೇಜಿನ ಮುಂದೆ ಕೂತು ಅತ್ತುಬಿಟ್ಟೆ. ಮೂರು ವಾರಕ್ಕಾಗಿ ಅಷ್ಟು ಕಣ್ಣೀರು ಬರುವಂತಿರಲಿಲ್ಲ. ಎಲ್ಲಿಯದೋ ಹಳೆಯ ಬಾಕಿ ಅಲ್ಲಿ ತೀರಿತು.

ಅದಾದ ಕೆಲವೇ ದಿನಕ್ಕೆ, ಪುಸ್ತಕ ವಿಮರ್ಶೆ ಬರೆಯುವ ಗೆಳತಿಯೊಬ್ಬಳು ತನಗೆ ಬಂದ ಮುಂಗಡ ಪ್ರತಿಯನ್ನು ಕೊಡುತ್ತೇನೆಂದಳು. ವಿಮರ್ಶಕರಿಗೂ ಗ್ರಂಥಪಾಲಕರಿಗೂ ಪ್ರಕಟಣೆಗೆ ಮೊದಲೇ ಕಳಿಸುವ ಪ್ರತಿಗಳವು. ಮುಖಪುಟದ ಮೇಲೆ ಮಾರಾಟಕ್ಕಲ್ಲ, ಅಂತಿಮ ತಿದ್ದುಪಡಿ ಆಗಿಲ್ಲ ಎಂದು ಅಚ್ಚಾಗಿರುತ್ತದೆ. ಅವಳ ಮೇಜಿನ ಮೇಲೆ ಅದನ್ನು ನೋಡಿದೆ, ಕೈಗೆತ್ತಿಕೊಂಡೆ, ತೂಕ ನೋಡಿದೆ, ಅಂಚಿನಲ್ಲಿ ಹೆಬ್ಬೆರಳಿಟ್ಟು ಪುಟಗಳನ್ನು ಸರ್ರನೆ ಓಡಿಸಿದಾಗ 402, 260, 88 ಎಂಬ ಅಂಕಿಗಳು ಮಿಂಚಿ ಹೋದವು. ಆಮೇಲೆ ಕೆಳಗಿಟ್ಟೆ. ಗೆಳತಿಗೆ ಆಶ್ಚರ್ಯವಾಯಿತು. ತಿದ್ದದ ಪ್ರತಿ ಬೇಡವೆಂದು ಅವಳಿಗೆ ಹೇಳಿದ್ದು ಅರ್ಧ ಸತ್ಯ. ಬಿಡುಗಡೆಯ ದಿನ ಎಲ್ಲಿಯದೋ ಹದಿನಾರರ ಹುಡುಗಿಯೊಬ್ಬಳು, ಮೊನ್ನೆಯಷ್ಟೇ ಅಕ್ಕನನ್ನೋ ಅಣ್ಣನನ್ನೋ ಕಳೆದುಕೊಂಡವಳು, ಈ ಪುಸ್ತಕವನ್ನು ತೆರೆದಾಳು. ಅವಳು ತೆರೆದ ದಿನವೇ ನಾನೂ ತೆರೆಯಬೇಕು. ನನ್ನ ದಿನ ನಾನು ಒಬ್ಬಳೇ ದಾಟಿದ್ದೆ. ಈ ಸಲ ಜೊತೆಯಲ್ಲಿ ಹೋಗುವ ಆಸೆ.

ಕಾಯುತ್ತ ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಇನ್ನೊಂದು ಪುಸ್ತಕ. ಅಕ್ಕ ಅರ್ಧ ಓದಿ ಬಿಟ್ಟ ಒಂದು ದಪ್ಪ ಕಾದಂಬರಿ ನನ್ನ ಕಪಾಟಿನಲ್ಲಿದೆ. 146ನೆಯ ಪುಟದ ಮೇಲಿನ ಮೂಲೆಯನ್ನು ಅವಳು ಮಡಚಿದ್ದಾಳೆ. ಪುಟ ಮಡಚಬೇಡ ಎಂದು ನಾನು ಅವಳೊಂದಿಗೆ ಯಾವಾಗಲೂ ಜಗಳ ಕಾಯುತ್ತಿದ್ದೆ. ಈಗ ಆ ಮಡಿಕೆ ಸವೆಯಬಾರದೆಂದು ಪುಸ್ತಕವನ್ನು ಎರಡು ದಪ್ಪ ನಿಘಂಟುಗಳ ನಡುವೆ ಇಟ್ಟಿದ್ದೇನೆ. ಈ ಹದಿನೆಂಟು ವರ್ಷಗಳಲ್ಲಿ ಅದನ್ನು ಹತ್ತಾರು ಸಲ ಮೊದಲಿನಿಂದ ಓದಿದ್ದೇನೆ, ಪ್ರತಿ ಸಲವೂ 146ಕ್ಕೆ ನಿಲ್ಲಿಸಿದ್ದೇನೆ. ಅವಳಿಗೆ ಗೊತ್ತಿಲ್ಲದ ಕಥೆ ನನಗೆ ಗೊತ್ತಾಗಬಾರದು ಎಂಬಂತಿತ್ತು ನನ್ನ ಹಟ. ಹೊಸ ಪುಸ್ತಕದ ಹುಡುಗಿ ಅಕ್ಕನ ವಯಸ್ಸನ್ನು ದಾಟಲಿದ್ದಾಳೆ, ಅದನ್ನು ನಾನು ಓದಲಿದ್ದೇನೆ. ಹಾಗಿರುವಾಗ 147ನೆಯ ಪುಟಕ್ಕೆ ಹೆದರಿ ಕೂತಿರುವುದು ಸರಿಯೇ ಎಂಬ ಪ್ರಶ್ನೆ ಏಳನೆಯ ತಿಂಗಳಲ್ಲಿ ಕೊರೆಯತೊಡಗಿತು. ಒಂದು ಭಾನುವಾರ ಬೆಳಿಗ್ಗೆ ಕೂತೆ. ಮಧ್ಯಾಹ್ನದ ಹೊತ್ತಿಗೆ 146ಕ್ಕೆ ಬಂದೆ. ಆ ಪುಟದ ಕೊನೆಯ ವಾಕ್ಯ ಪುಟದಲ್ಲಿ ಮುಗಿಯದೆ ಮುಂದಕ್ಕೆ ಹರಿದಿತ್ತು. ಹದಿನೆಂಟು ವರ್ಷ ನನ್ನ ತಲೆಯಲ್ಲಿ ತುಂಡಾಗಿ ನಿಂತಿದ್ದ ಆ ವಾಕ್ಯ ಮುಂದಿನ ಪುಟದ ಮೊದಲ ಮೂರು ಪದಗಳಲ್ಲಿ ಪೂರ್ತಿಯಾಯಿತು. ತೀರಾ ಸಾಧಾರಣ ವಾಕ್ಯ, ಯಾರೋ ಬಾಗಿಲು ತೆರೆದು ಒಳಗೆ ಬರುತ್ತಾರೆ, ಅಷ್ಟೆ. ಸಂಜೆಯವರೆಗೆ ಓದಿದೆ. ಮಡಿಕೆಯನ್ನು ಬಿಡಿಸಲಿಲ್ಲ.

ನಾನು ಓದುತ್ತಿದ್ದ ಪುಸ್ತಕದ ರಟ್ಟನ್ನು ಅಮ್ಮ ಗುರುತಿಸಿದಳು. ಏನೂ ಹೇಳದೆ ಪಕ್ಕದಲ್ಲಿ ಬಂದು ಕೂತಳು. ಆಗ ನಾನು, ಹೊಸದೊಂದು ಪುಸ್ತಕ ಬರಲಿದೆ, ಅದಕ್ಕಾಗಿ ಕಾಯುತ್ತಿದ್ದೇನೆ ಎಂದೆ. ಅದರಲ್ಲೇನಿದೆ ಎಂದು ಕೇಳಿದಳು. ತಂಗಿಯೊಬ್ಬಳು ತೀರಿಕೊಂಡ ಅಕ್ಕನ ವಯಸ್ಸನ್ನು ದಾಟುವ ದಿನವನ್ನು ಎಣಿಸುತ್ತಾಳೆ ಎಂದು ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಅಮ್ಮ ನನ್ನ ಕೈಯಲ್ಲಿದ್ದ ಪುಸ್ತಕದ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಬುಧವಾರ ಅಲ್ವೇನೆ ಅದು?" ಎಂದಳು.

ನಾನು ಅವಳ ಮುಖ ನೋಡಿದೆ.

"ನಾನೂ ಎಣಿಸಿದ್ದೆ ಕಣೆ. ನೀನು ಕಾಲೇಜಿಂದ ಬರೋವರೆಗೂ ಬಾಗಿಲಲ್ಲೇ ನಿಂತಿದ್ದೆ. ನೀನು ಬಂದು ಊಟ ಮಾಡ್ದೆ, ಮಲಗ್ದೆ. ನಿಂಗೆ ಗೊತ್ತಿಲ್ವೇನೋ, ನಾನ್ಯಾಕೆ ನೆನಪು ಮಾಡ್ಲಿ ಅಂತ ಸುಮ್ಮನಾದೆ."

ಅಮ್ಮ ಬಾಗಿಲಲ್ಲಿ ನಿಂತಿದ್ದು ನನಗೆ ನೆನಪೇ ಇಲ್ಲ. ಆ ಸಂಜೆಯನ್ನು ಸಾವಿರ ಸಲ ತಿರುವಿ ಹಾಕಿದ್ದೇನೆ. ಬೀದಿ, ಚಪ್ಪಲಿ, ತಟ್ಟೆ, ದೀಪ ಎಲ್ಲ ಕಣ್ಣಿಗೆ ಕಟ್ಟಿದಂತಿವೆ, ಅಮ್ಮ ಮಾತ್ರ ಆ ಚಿತ್ರದಲ್ಲಿ ಇರಲಿಲ್ಲ. ಎಲ್ಲರೂ ನನ್ನನ್ನು ಬಿಟ್ಟು ಅಮ್ಮನನ್ನು ನೋಡಿದರು ಎಂದು ಇಷ್ಟು ವರ್ಷ ಒಳಗೊಳಗೇ ನೊಂದುಕೊಂಡಿದ್ದ ನಾನು, ಆ ದಿನ ನನ್ನನ್ನೇ ನೋಡುತ್ತ ನಿಂತಿದ್ದ ಅಮ್ಮನನ್ನು ನೋಡಿರಲಿಲ್ಲ. ಆ ರಾತ್ರಿ ನಾವು ಬಹಳ ಹೊತ್ತು ಅಕ್ಕನ ಬಗ್ಗೆ ಮಾತಾಡಿದೆವು. ಏನು ಮಾತಾಡಿದೆವು ಎಂಬುದನ್ನು ನಮ್ಮಿಬ್ಬರಲ್ಲೇ ಇಟ್ಟುಕೊಳ್ಳುತ್ತೇನೆ.

ಪುಸ್ತಕ ಬರಲು ಇನ್ನು ಹನ್ನೊಂದು ದಿನ. ಅಮೆರಿಕದ ಪ್ರಕಾಶಕರ ವಾಡಿಕೆಯಂತೆ ಬಿಡುಗಡೆ ಮಂಗಳವಾರ. ಆ ದಿನಕ್ಕೆ ರಜೆ ಹಾಕಿದ್ದೇನೆ, ಎರಡನೆಯ ಪ್ರತಿಯನ್ನೂ ಕಾದಿರಿಸಿದ್ದೇನೆ. ಕಾದಂಬರಿ ನನ್ನ ನಿರೀಕ್ಷೆಯನ್ನು ಮುಟ್ಟದೇ ಹೋಗಬಹುದು. ಕೊನೆಯಲ್ಲಿ ಲೇಖಕಿ ಸೋತು ಎಲ್ಲರನ್ನೂ ನಗಿಸಿ ಕಳಿಸಿಬಿಟ್ಟರೆ ಎಂಬ ಹೆದರಿಕೆ ನನಗೆ ಇದ್ದೇ ಇದೆ. ಆ ದಿನವನ್ನು ಅವರು ದೊಡ್ಡ ಘಟನೆಯನ್ನಾಗಿ ಮಾಡದಿರಲಿ ಎಂಬುದು ನನ್ನ ಒಂದೇ ಕೋರಿಕೆ. ಅದು ಬೆಳಗಾಗಿ ಸಂಜೆಯಾಗುವ ಮಾಮೂಲಿ ದಿನ, ಅದರ ಕಷ್ಟ ಇರುವುದೇ ಅಲ್ಲಿ.

ಅಮ್ಮನಿಗೆ ಇಂಗ್ಲಿಷ್ ಓದುವ ಅಭ್ಯಾಸ ಕಡಿಮೆ. ದಿನಕ್ಕೆ ಎರಡು ಮೂರು ಪುಟ ನಾನೇ ಕನ್ನಡ ಮಾಡಿ ಹೇಳುತ್ತ ಹೋಗುವುದೆಂದು ಮಾತಾಗಿದೆ. ತನ್ನ ಪ್ರತಿಯನ್ನು ಅವಳು ಮುಂದೆ ಇಟ್ಟುಕೊಂಡು ಕೂರುತ್ತಾಳಂತೆ. ಅವಳದೊಂದು ಷರತ್ತೂ ಇದೆ. ಪುಸ್ತಕ ಬಂದ ಕೂಡಲೇ ನಾನು ಕೊನೆಯ ಅಧ್ಯಾಯ ತೆರೆದು, ಆ ದಿನ ಸಂಜೆ ಹುಡುಗಿ ಮನೆಗೆ ಬಂದಾಗ ಬಾಗಿಲಲ್ಲಿ ಯಾರಾದರೂ ಇದ್ದರೋ ಇಲ್ಲವೋ ಎಂದು ನೋಡಿ ಹೇಳಬೇಕು. ಇಲ್ಲದಿದ್ದರೆ ಅವಳಿಗೆ ಅಷ್ಟೂ ದಿನ ಜೀವ ನಿಲ್ಲುವುದಿಲ್ಲವಂತೆ. ಯಾವ ಪುಸ್ತಕದ ಕೊನೆಯನ್ನೂ ನಾನು ಇವತ್ತಿನವರೆಗೆ ಮೊದಲೇ ಓದಿದವಳಲ್ಲ. ನೋಡಿ ಹೇಳುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ.